ಬೈಕ್ ಸೌಂಡ್ ಮಾಡೋ ಹಕ್ಕಿ: ಇಲ್ಲಿ ಕಾವಿಗೆ ಕೂರೋದು ಗಂಡು

(ಮೊದಲ ಹತ್ತು ಸೆಕೆಂಡ್ ಸ್ಕ್ರೀನ್ ಕಪ್ಪು, ಬರೀ ಆಡಿಯೋ)

ಕೇಳಿಸ್ತಾ? ಡ್ರ್‌ರ್‌ರ್‌ರ್ ಅಂತ, ದೂರದಲ್ಲಿ ಯಾರೋ ಹಳೇ ಬೈಕ್ ಸ್ಟಾರ್ಟ್ ಮಾಡಿ ಹಂಗೇ ನಿಲ್ಸ್ಕೊಂಡಿರೋ ಥರ. ನಮ್ಮ ಹೊಲದಲ್ಲಿ ಮೊದಲನೇ ಸಲ ಕೇಳಿದಾಗ ನಾನೂ ಯಾರೋ ಬಂದ್ರು ಅನ್ಕೊಂಡು ಎದ್ದು ನೋಡ್ದೆ, ಯಾರೂ ಇಲ್ಲ. ಹುಲ್ಲು ಕುಯ್ತಿದ್ದ ನಮ್ ತಾತ ತಲೆ ಎತ್ತದೇನೇ "ಅದು ಹಕ್ಕಿ ಕಣ್ಲಾ" ಅಂದ್ರು.

ಬಾರ್ಡ್ ಬಟನ್ ಕ್ವೇಲ್. ಹಳ್ಳೀಲಿ ಕೇಳಿದ್ರೆ ಲಾವಕ್ಕಿ ಅಂತಾರೆ, ಕೆಲವು ಕಡೆ ಬುರ್ಲಿ ಅಂತಾರೆ, ನೋಡೋಕೆ ಹಂಗೇ ಇರೋದ್ರಿಂದ ಅವ್ರದ್ದೇನೂ ತಪ್ಪಿಲ್ಲ ಬಿಡಿ. ಆದ್ರೆ ಲಾವಕ್ಕಿ ಕೋಳಿ, ನವಿಲಿನ ಬಳಗದ್ದು, ಇದು ಕೆರೆ ಅಂಗಳದಲ್ಲಿ ಕಿರುಚ್ಕೊಂಡು ಓಡಾಡುತ್ತಲ್ಲ ಟಿಟ್ಟಿಭ, ಅದರ ದೂರದ ನೆಂಟ. ಕಾಲು ನೋಡಿದ್ರೆ ಗೊತ್ತಾಗುತ್ತೆ, ಲಾವಕ್ಕಿಗೆ ಹಿಂದೊಂದು ಬೆರಳಿರುತ್ತೆ, ಇದಕ್ಕಿಲ್ಲ, ಮುಂದಿನ ಮೂರೇ. ಇದರ ಸೈಂಟಿಫಿಕ್ ಹೆಸರಲ್ಲಿ ಬರೋ ಟರ್ನಿಕ್ಸ್ ಕೂಡ ಲಾವಕ್ಕಿಯ ಕೊಟರ್ನಿಕ್ಸ್ ಅನ್ನೋ ಹೆಸರನ್ನ ಮೊಟಕು ಮಾಡಿ ಇಟ್ಟಿದ್ದು, ಬೆರಳೂ ಮೊಟಕು ಹೆಸರೂ ಮೊಟಕು.

ಈ ಫ್ಯಾಮಿಲೀಲಿ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಎಲ್ಲಾ ಸೇರಿ ಸುಮಾರು 18 ಜಾತಿ, ಇಂಡಿಯಾದಲ್ಲಿ ಮೂರು.

ಸರಿ, ಆ ಸೌಂಡ್ ಮಾಡ್ತಿರೋದು ಯಾರು? ಗಂಡು ಅಂದ್ಕೊಂಡ್ರಿ ಅಲ್ವಾ, ಅಲ್ಲ, ಹೆಣ್ಣು. ಇಲ್ಲಿ ಸಂಸಾರವೇ ಉಲ್ಟಾ. ಹೆಣ್ಣೇ ದೊಡ್ಡದು, ಅದಕ್ಕೇ ಬಣ್ಣ ಜಾಸ್ತಿ, ಗಂಟಲಿಂದ ಎದೆ ತನಕ ಕಪ್ಪು, ಗಂಡಿಗೆ ಆ ಕಪ್ಪಿಲ್ಲ, ಒಣ ಹುಲ್ಲಿನ ಬಣ್ಣದಲ್ಲಿ ಪಾಪ ಸುಮ್ನಿರುತ್ತೆ. ಹೆಣ್ಣು ಒಂದು ಜಾಗ ಹಿಡ್ಕೊಂಡು ಮೊದಲು ಮೂರ್ನಾಲ್ಕು ಸಲ ಹೂಂ ಹೂಂ ಅಂತ ಗುಮ್ಮುತ್ತೆ, ಆಮೇಲೆ ಈ ಡ್ರ್‌ರ್‌ರ್ ಶುರು. ಬರೀ 15 ಸೆಂಟಿಮೀಟರ್ ಹಕ್ಕಿಗೆ ಅಷ್ಟು ಸೌಂಡ್ ಹೆಂಗಪ್ಪಾ ಅಂದ್ರೆ, ಹೆಣ್ಣಿನ ಅನ್ನನಾಳ ಗಾಳಿ ತುಂಬ್ಕೊಂಡು ಬಲೂನ್ ಥರ ಉಬ್ಬುತ್ತೆ. ಇದನ್ನ ಕೇಳಿ ಗಂಡು ಬರುತ್ತೆ, ಬೇರೆ ಹೆಣ್ಣು ಬಂದ್ರೆ ಹೊಡೆದಾಟ.

ಈ ಜಗಳಗಂಟಿ ಬುದ್ಧೀನೇ ಹಿಂದೆ ಬೇಟೆಯವರಿಗೆ ಬಂಡವಾಳ ಆಗಿತ್ತು. ಒಂದು ಹೆಣ್ಣನ್ನ ಪಂಜರದಲ್ಲಿ ಹಾಕಿ ನೆಲದ ಮೇಲಿಟ್ರೆ ಆಯ್ತು, ಅದು ಕೂಗುತ್ತೆ, ಆ ಏರಿಯಾದ ಹೆಣ್ಣು ರೊಚ್ಚಿಗೆದ್ದು ಬಂದು ಬಲೆಗೆ ಬೀಳುತ್ತೆ. ಮದ್ರಾಸ್ ಕಡೆ ಆರ್ಮಿ ಡಾಕ್ಟರ್ ಆಗಿದ್ದ ಜೆರ್ಡನ್ 19ನೇ ಶತಮಾನದಲ್ಲೇ ಇದನ್ನ ಬರೆದಿದ್ದಾರೆ, 1871ರಲ್ಲಿ ಡಾರ್ವಿನ್ ಅದನ್ನೇ ಎತ್ಕೊಂಡು ಉದಾಹರಣೆ ಕೊಟ್ಟಿದ್ದಾರೆ. (ಈಗ ಯಾರೂ ಟ್ರೈ ಮಾಡ್ಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ, ಕೇಸ್ ಆಗುತ್ತೆ.)

ಗೂಡು ಅಂದ್ರೆ ದೊಡ್ಡದೇನಿಲ್ಲ, ಹುಲ್ಲಿನ ಬುಡದಲ್ಲಿ ಚಿಕ್ಕ ಗುಳಿ, ಒಳಗೆ ನಾಕು ಎಳೆ ಒಣಹುಲ್ಲು, ಸುತ್ತಲಿನ ಹುಲ್ಲು ಬಗ್ಗಿಸಿ ಮೇಲೊಂದು ಮುಚ್ಚಿಗೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಇಟ್ಟಾದ್ಮೇಲೆ ಹೆಣ್ಣು ಹೊರಟೇ ಹೋಗುತ್ತೆ, ಇನ್ನೊಂದು ಗಂಡನ್ನ ಹುಡ್ಕೊಂಡು, ಅಲ್ಲಿ ಇನ್ನೊಂದು ಗೂಡು, ಇನ್ನೊಬ್ಬ ಅಪ್ಪ. ಕಾವು, ಮರಿ, ಎಲ್ಲಾ ಗಂಡಿನ ತಲೆಗೆ. ಆದ್ರೆ ಲೆಕ್ಕ ಹಾಕಿ ನೋಡಿ, ನೆಲದ ಮೇಲಿನ ಗೂಡು, ಹಾವು ಮುಂಗುಸಿ ಯಾವುದು ಬೇಕಾದ್ರೂ ತಿನ್ಬಹುದು, ಹೆಣ್ಣು ಒಂದೇ ಕಡೆ ಕೂತು ಕಾಯೋ ಬದಲು ನಾಲ್ಕು ಕಡೆ ಮೊಟ್ಟೆ ಇಟ್ರೆ ಎಲ್ಲೋ ಒಂದು ಕಡೆ ಉಳಿಯುತ್ತೆ ಅನ್ನೋದು ನಂಗೇನೋ ಸರಿ ಅನ್ಸುತ್ತೆ.

ಮರಿ ಆಗೋಕೆ 12-13 ದಿನ ಸಾಕು, ಊರ ಕೋಳಿಗೆ 21 ದಿನ ಬೇಕು. ಹುಟ್ಟಿದ ಸ್ವಲ್ಪ ಹೊತ್ತಿಗೇ ಅಪ್ಪನ ಹಿಂದೆ ಓಡ್ತವೆ, ಅಪ್ಪ ಹುಳ ಹಿಡ್ದು ಕೊಕ್ಕಿನ ತುದೀಲಿ ಇಟ್ಕೊಂಡು ಮೆಲ್ಲಗೆ ಕರೆಯುತ್ತೆ, ಮರಿ ಬಂದು ಕಿತ್ಕೊಂಡು ತಿನ್ನುತ್ತೆ.

(ಸ್ಪೇನ್ ಮ್ಯಾಪ್)

ಈ ಫ್ಯಾಮಿಲಿಯ ಚಿಕ್ಕ ಜಾತಿಯೊಂದು ನಮ್ಮಲ್ಲೂ ಇದೆ, ಯೂರೋಪಲ್ಲೂ ಇತ್ತು. ಹೆಣ್ಣು ಗುಮ್ಮೋದು ಕೇಳಿ ಸ್ಪೇನಿನವರು ಅದಕ್ಕೆ ಟೊರಿಯೊ, ಅಂದ್ರೆ ಪುಟ್ಟ ಗೂಳಿ ಅಂತ ಹೆಸರಿಟ್ಟಿದ್ರು. ಅಲ್ಲಿ ಕೊನೇ ಖಚಿತ ದಾಖಲೆ 1981ರದ್ದು, 2018ರಲ್ಲಿ ಅಲ್ಲಿಂದ ಅಳಿದೋಯ್ತು ಅಂತ ಘೋಷಣೆನೇ ಮಾಡಿದ್ರು. ಯೂರೋಪಲ್ಲಿದ್ದ ಆ ಉಪಜಾತಿ ಈಗ ಉಳಿದಿರೋದು ಮೊರಾಕ್ಕೋದಲ್ಲಿ ಮಾತ್ರ.

ಈ ಹಕ್ಕಿ ಹಾರೋಕೆ ಮಹಾ ಸೋಮಾರಿ, ತುಳಿಯೋ ತನಕ ಅಲ್ಲಾಡಲ್ಲ. ಅವತ್ತು ಬದುವಿನ ಮೇಲೆ ನನ್ನ ಕಾಲ ಹತ್ರಾನೇ ಪುರ್ ಅಂತ ಎದ್ದು, ಹತ್ತಡಿ ಹೋಗಿ ಮತ್ತೆ ಹುಲ್ಲಿಗೆ ಬಿತ್ತು. ಎದ್ದ ಜಾಗದಲ್ಲಿ ನಾಲ್ಕು ಮೊಟ್ಟೆ, ಬೂದು ಬಿಳುಪಿನ ಮೇಲೆ ಕಂದು ಚುಕ್ಕೆ, ಮುಟ್ಟಲಿಲ್ಲ, ಆದ್ರೂ ಬಿಸಿ ಇರ್ಬೇಕು ಅನ್ನಿಸ್ತು. ತಾತ ಆ ಬದುವಿನ ಹುಲ್ಲು ಕುಯ್ಯೋದು ಬಿಟ್ರು. ಎರಡು ವಾರ ಆದ್ಮೇಲೆ ಹೋದ್ರೆ ಚಿಪ್ಪು ಮಾತ್ರ ಇತ್ತು, ಆಚೆ ಹುರುಳಿ ಹೊಲದಿಂದ ಮತ್ತೆ ಡ್ರ್‌ರ್‌ರ್.