ನೀರಿನಲ್ಲಿ ಕರಗಿದ ಔಷಧವನ್ನು ಇಂಗಾಲ ಹಿಡಿಯುವ ಬಗೆ

[ದೃಶ್ಯ: ಕಾಡಿನ ನಡುವಿನ ಸರೋವರ, ಮೇಲಿನಿಂದ]

ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಸರೋವರಗಳಿವೆ. 2001ರಿಂದ 2003ರವರೆಗೆ, ಮೂರು ಬೇಸಿಗೆಗಳಲ್ಲಿ, ಅವುಗಳಲ್ಲೊಂದಕ್ಕೆ ವಿಜ್ಞಾನಿಗಳು ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಬೆರೆಸಿದರು. ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ ಸುಮಾರು 5 ನ್ಯಾನೋಗ್ರಾಂ, ಅಂದರೆ 20 ಕೋಟಿ ಲೀಟರಿಗೆ ಒಂದು ಗ್ರಾಂ. ಅಷ್ಟಕ್ಕೇ ಗಂಡು ಮೀನುಗಳ ದೇಹದಲ್ಲಿ ಮೊಟ್ಟೆಗೆ ಬೇಕಾದ ಪ್ರೋಟೀನು ತಯಾರಾಗತೊಡಗಿತು. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಆ ಸರೋವರದಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯಿತು.

ಇಷ್ಟು ಅತ್ಯಲ್ಪವಾದದ್ದನ್ನು ಇಷ್ಟೊಂದು ನೀರಿನಿಂದ ಹೆಕ್ಕಿ ತೆಗೆಯುವುದು ಹೇಗೆ?

[ದೃಶ್ಯ: ಚರಂಡಿ ನೀರಿನ ಶುದ್ಧೀಕರಣ ಘಟಕ]

ನಾವು ನುಂಗಿದ ಔಷಧವೆಲ್ಲ ದೇಹದಲ್ಲಿ ಕರಗಿ ಮುಗಿಯುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಹುಪಾಲು ಇದ್ದಂತೆಯೇ ಮೂತ್ರದಲ್ಲಿ ಹೊರಬರುತ್ತದೆ. ಹೀಗೆ ಚರಂಡಿ ಸೇರಿದ್ದು ಶುದ್ಧೀಕರಣ ಘಟಕಕ್ಕೆ ಬಂದರೂ, ಆ ಘಟಕವನ್ನು ಕಟ್ಟಿರುವುದು ಮಲಮೂತ್ರದ ಕೊಳೆ, ಸಾರಜನಕ ಮತ್ತು ರಂಜಕವನ್ನು ತೆಗೆಯಲು. ಅಲ್ಲಿನ ಬ್ಯಾಕ್ಟೀರಿಯಾ ಕೆಲವು ಔಷಧಗಳನ್ನು ಒಡೆಯುತ್ತವೆ, ಕೆಲವನ್ನು ಮುಟ್ಟುವುದೇ ಇಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಒಳಬಂದಷ್ಟೇ ಬಹುತೇಕ ಹೊರಗೂ ಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ಅಧಿಶೋಷಣೆ, ಅಂದರೆ ನೀರಿನಲ್ಲಿ ಕರಗಿದ ಅಣುಗಳು ಘನವಸ್ತುವೊಂದರ ಮೇಲ್ಮೈಗೆ ಅಂಟಿಕೊಳ್ಳುವ ಕ್ರಿಯೆ. ಈ ಕೆಲಸದಲ್ಲಿ ಪಳಗಿದ ವಸ್ತು ಸಕ್ರಿಯ ಇಂಗಾಲ. ತೆಂಗಿನ ಚಿಪ್ಪು, ಮರ ಅಥವಾ ಕಲ್ಲಿದ್ದಲನ್ನು ಆಮ್ಲಜನಕವಿಲ್ಲದೆ ಸುಟ್ಟು ಇದ್ದಿಲು ಮಾಡಿ, ಸುಮಾರು 800ರಿಂದ 1000 ಡಿಗ್ರಿ ಶಾಖದಲ್ಲಿ ಅದರ ಮೇಲೆ ಹಬೆ ಹಾಯಿಸುತ್ತಾರೆ. ಹಬೆ ಇಂಗಾಲವನ್ನು ಒಳಗೊಳಗೇ ಕೊರೆಯುತ್ತದೆ. ಆಗ ಒಂದು ಗ್ರಾಂ ಪುಡಿಯೊಳಗೆ ಸುಮಾರು 1000 ಚದರ ಮೀಟರ್, ಎಂದರೆ ಕಾಲು ಎಕರೆಯಷ್ಟು ಮೇಲ್ಮೈ ಸಿಗುತ್ತದೆ.

[ದೃಶ್ಯ: ಇಂಗಾಲದ ಕಣವೊಂದರ ಒಳಭಾಗ, ಅನಿಮೇಷನ್]

ನೋವುನಿವಾರಕ ಡೈಕ್ಲೋಫೆನಾಕ್‌ನ ಒಂದೇ ಅಣುವನ್ನು ಹಿಂಬಾಲಿಸೋಣ. ಅದರ ಗಾತ್ರ ಸುಮಾರು ಒಂದು ನ್ಯಾನೋಮೀಟರ್. ಕಣದ ಹೊರಬಾಯಿಯ ಅಗಲವಾದ ರಂಧ್ರದಿಂದ ಒಳಹೊಕ್ಕು, ಕವಲು ಕವಲಾಗಿ ಕಿರಿದಾಗುವ ದಾರಿಯಲ್ಲಿ ಅದು ಸಾಗುತ್ತದೆ. ಕೊನೆಗೆ ತಲುಪುವುದು ಎರಡು ನ್ಯಾನೋಮೀಟರಿಗಿಂತ ಕಿರಿದಾದ ಸಂದಿಯನ್ನು. ಅಲ್ಲಿ ಗೋಡೆ ಎರಡೂ ಕಡೆಯಿಂದ ಹತ್ತಿರ, ಹಾಗಾಗಿ ಹಿಡಿತವೂ ಬಿಗಿ. ಅಣುವಿನಲ್ಲಿ ಬೆಂಜೀನ್ ಮಾದರಿಯ, ಅಂದರೆ ಆರಾರು ಇಂಗಾಲದ ಪರಮಾಣುಗಳ, ಎರಡು ಉಂಗುರಗಳಿವೆ. ಇಂಗಾಲದ ಗೋಡೆಯೂ ಅಂಥದೇ ಉಂಗುರಗಳ ಹಾಳೆ. ಒಂದರ ಮೇಲೊಂದು ಒರಗಿ ಅವು ಅಂಟಿಕೊಳ್ಳುತ್ತವೆ.

ಆದರೆ ತಟಸ್ಥ ನೀರಿನಲ್ಲಿ ಡೈಕ್ಲೋಫೆನಾಕ್‌ಗೆ ಋಣ ವಿದ್ಯುದಂಶವಿರುತ್ತದೆ. ಇಂಗಾಲದ ಮೇಲ್ಮೈಗೂ ಅದೇ ಇದ್ದರೆ ಎರಡೂ ಒಂದನ್ನೊಂದು ದೂಡುತ್ತವೆ. ಕಾರ್ಬಮಜೆಪಿನ್‌ಗೆ ಈ ತೊಡಕಿಲ್ಲ, ಅದಕ್ಕೆ ವಿದ್ಯುದಂಶವೇ ಇಲ್ಲ. ಬ್ಯಾಕ್ಟೀರಿಯಾಗೆ ಜಗ್ಗದ ಅದೇ ಔಷಧ ಇಂಗಾಲಕ್ಕೆ ಸುಲಭವಾಗಿ ಸಿಕ್ಕಿಬೀಳುವುದು ನನಗೆ ಈ ವಿಷಯದ ಅತ್ಯಂತ ಸೊಗಸಾದ ಸಂಗತಿ. ಇನ್ನು ಎಕ್ಸ್-ರೇ ಪರೀಕ್ಷೆಗೆ ಕೊಡುವ ಅಯೋಡಿನ್‌ಯುಕ್ತ ದ್ರಾವಣಗಳು ನೀರನ್ನು ಬಿಟ್ಟು ಬರಲು ಅಷ್ಟಾಗಿ ಒಪ್ಪುವುದಿಲ್ಲ.

[ದೃಶ್ಯ: ಎರಡು ಗಾಜಿನ ಲೋಟ, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ತುಸು ಹಳದಿ ನೀರು]

ಜೈವಿಕ ಇದ್ದಿಲು, ಜೇಡಿಮಣ್ಣು, ಲೋಹ-ಸಾವಯವ ಚೌಕಟ್ಟುಗಳು, ಸೈಕ್ಲೋಡೆಕ್ಸ್‌ಟ್ರಿನ್ ಪಾಲಿಮರ್‌ಗಳು, ಹೀಗೆ ಹೊಸ ವಸ್ತುಗಳ ಬಗ್ಗೆ ಸಂಶೋಧನೆ ಭರದಿಂದ ಸಾಗಿದೆ. ಒಂದು ಗ್ರಾಂ ವಸ್ತು ಎಷ್ಟು ಮಿಲಿಗ್ರಾಂ ಔಷಧ ಹಿಡಿಯಿತು ಎಂಬ ಅಂಕಿಯೇ ಅವುಗಳ ಹೆಗ್ಗಳಿಕೆ. ಈ ಅಂಕಿಯನ್ನು ನೋಡಿ ಮರುಳಾಗಬೇಡಿ. ಅನೇಕ ಬಾರಿ ಅದು ಬಂದಿರುವುದು ಶುದ್ಧ ನೀರಿಗೆ ಒಂದೇ ಒಂದು ಔಷಧವನ್ನು, ಅದೂ ಲೀಟರಿಗೆ ಹತ್ತಾರು ಮಿಲಿಗ್ರಾಂನಂತೆ ಬೆರೆಸಿ ನಡೆಸಿದ ಪರೀಕ್ಷೆಯಿಂದ. ನಿಜವಾದ ತ್ಯಾಜ್ಯನೀರಿನಲ್ಲಿ ಔಷಧ ಇರುವುದು ನ್ಯಾನೋಗ್ರಾಂ, ಮೈಕ್ರೋಗ್ರಾಂಗಳಲ್ಲಿ. ಅದರ ಜೊತೆಗೆ ಕೊಳೆತ ಸಾವಯವ ಪದಾರ್ಥ ಲೀಟರಿಗೆ ಹಲವು ಮಿಲಿಗ್ರಾಂ ಕರಗಿರುತ್ತದೆ, ಎಂದರೆ ಸಾವಿರಾರು ಪಟ್ಟು ಹೆಚ್ಚು. ಜಾತ್ರೆಯ ಬಸ್ಸಿಗೆ ನುಗ್ಗಿದ ಜನರಂತೆ ಅದು ಮೊದಲೇ ಜಾಗ ಹಿಡಿಯುತ್ತದೆ, ರಂಧ್ರದ ಬಾಗಿಲಿಗೂ ಅಡ್ಡ ನಿಲ್ಲುತ್ತದೆ. ಆದ್ದರಿಂದ ಹೊಸ ವಸ್ತುವನ್ನು ಕೊಳಕು ನೀರಿನಲ್ಲೇ ಪರೀಕ್ಷಿಸಬೇಕು. ಅಲ್ಲಿ ಗೆದ್ದರೆ ಮಾತ್ರ ಗೆಲುವು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಘಟಕಗಳಲ್ಲಿ ಇಂಗಾಲವನ್ನು ಎರಡು ರೀತಿಯಲ್ಲಿ ಬಳಸುತ್ತಾರೆ. ಪುಡಿಯಾದರೆ ಲೀಟರಿಗೆ ಸುಮಾರು 10ರಿಂದ 20 ಮಿಲಿಗ್ರಾಂ ಬೆರೆಸಿ, ಕಲಕಿ, ಆಮೇಲೆ ಕೆಸರಿನೊಂದಿಗೆ ಬೇರ್ಪಡಿಸಿ ಸುಡುತ್ತಾರೆ. ಹರಳಾದರೆ ಹಾಸಿಗೆಯಂತೆ ತುಂಬಿ ನೀರನ್ನು ಅದರ ಮೂಲಕ ಹಾಯಿಸುತ್ತಾರೆ. ಹರಳು ತುಂಬಿಹೋದಾಗ ಕುಲುಮೆಯಲ್ಲಿ ಕಾಯಿಸಿದರೆ ಔಷಧ ನಾಶವಾಗಿ ಇಂಗಾಲ ಮತ್ತೆ ಬಳಕೆಗೆ ಬರುತ್ತದೆ, ಪ್ರತಿ ಸಲವೂ ಒಂದಿಷ್ಟು ಇಂಗಾಲ ನಷ್ಟವಾಗುತ್ತದೆ. ಈ ಕುಲುಮೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಅರ್ಧ ಯೋಜನೆ. ಅಧಿಶೋಷಣೆ ಮಾಲಿನ್ಯವನ್ನು ಸ್ಥಳಾಂತರಿಸುತ್ತದೆ, ನಾಶ ಮಾಡುವುದು ಬೆಂಕಿ.

[ದೃಶ್ಯ: ಯುರೋಪಿನ ನಕ್ಷೆ]

ಇಷ್ಟಕ್ಕೆಲ್ಲ ಹಣ ಯಾರದು? ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಲ್ಲಿ ಇಂಥ ಸೂಕ್ಷ್ಮ ಮಾಲಿನ್ಯವನ್ನು ಶೇ. 80ರಷ್ಟು ತೆಗೆಯಬೇಕೆಂಬ ನಿಯಮ ಜಾರಿಗೊಳಿಸಿದೆ. ಅಲ್ಲಿ ಪುಡಿ ಇಂಗಾಲ ಮತ್ತು ಔಷಧದ ಅಣುಗಳನ್ನು ಒಡೆಯುವ ಓಜೋನ್ ಅನಿಲ ಎರಡೂ ಬಳಕೆಯಲ್ಲಿವೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಪರಿಷ್ಕರಿಸಿದ ನಿರ್ದೇಶನದ ಪ್ರಕಾರ ಈ ಹೆಚ್ಚುವರಿ ಹಂತದ ವೆಚ್ಚದಲ್ಲಿ ಕನಿಷ್ಠ ಶೇ. 80 ಭಾಗವನ್ನು ಔಷಧ ಮತ್ತು ಸೌಂದರ್ಯವರ್ಧಕ ತಯಾರಕರೇ ಭರಿಸಬೇಕು. ಇದನ್ನು ಪ್ರಶ್ನಿಸಿ ಔಷಧ ಉದ್ಯಮ ನ್ಯಾಯಾಲಯದ ಮೆಟ್ಟಿಲೇರಿದೆ. ಲಾಭ ಪಡೆದವರೇ ನೀರಿನ ಖರ್ಚನ್ನೂ ಹೊರಬೇಕು ಎಂಬ ತತ್ತ್ವದ ಪರವಾಗಿ ನಾನಿದ್ದೇನೆ.