ಭಾರ ಹಿಂದೆ, ಎಳೆತ ಮುಂದೆ

ನಮಸ್ಕಾರ. ಹೋದ ಎಪಿಸೋಡ್ ಕೆಳಗೆ ಒಬ್ಬರು ಕಾಮೆಂಟ್ ಹಾಕಿದಾರೆ, ಇದ್ದಂಗೇ ಓದ್ತೀನಿ: ‘ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿಗೆ ಆಲ್ ವೀಲ್ ಡ್ರೈವ್ ಯಾಕೆ ಗುರುವೇ, ನೀನೇನು ರ‍್ಯಾಲಿ ಓಡಿಸ್ತೀಯಾ?’ ಅದಕ್ಕೆ ಲೈಕುಗಳ ಸುರಿಮಳೆ. ನನ್ನ ವಿಡಿಯೋಗೂ ಅಷ್ಟು ಬಿದ್ದಿಲ್ಲ.

ಗುರುವೇ, ನೀನು ಉಲ್ಟಾ ಹಿಡ್ಕೊಂಡಿದೀಯ. ಆಲ್ ವೀಲ್ ಡ್ರೈವ್ ಅಂದ್ರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋದು. ಒಬ್ಬನೇ ಓಡಾಡೋನಿಗೆ ಅದು ಬೇಡ. ಬೇಕಾಗಿರೋದೇ ಫ್ಯಾಮಿಲಿ ಇರೋನಿಗೆ.

ಸ್ವಲ್ಪ ಲೆಕ್ಕ ನೋಡೋಣ. ಈಗ ಬರೋ ಪುಟ್ಟ ಎಸ್‌ಯುವಿಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರದಿಂದಲೇ ಎಳೆಯೋವು. ಇಂಜಿನ್ನು ಗೇರ್‌ಬಾಕ್ಸು ಎರಡೂ ಮುಂದೇ ಇರೋದ್ರಿಂದ, ಗಾಡಿ ಖಾಲಿ ಇದ್ದಾಗ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂದಿನ ಚಕ್ರಗಳ ಮೇಲೆ. ಹಿಡಿತ ಚೆನ್ನಾಗಿರುತ್ತೆ. ಶೋರೂಮಿನೋರು ಟೆಸ್ಟ್ ಡ್ರೈವ್ ಕೊಡೋದು ಹೀಗೇ, ಖಾಲಿ ಗಾಡೀಲಿ. ಈಗ ಹಿಂದಿನ ಸೀಟಲ್ಲಿ ಮೂರು ಜನ ಕೂರಿಸಿ. ಡಿಕ್ಕಿ ತುಂಬ ಸಾಮಾನು ಹಾಕಿ. ಆ ತೂಕ ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಚಕ್ರದ ಮೇಲೆ ಬೀಳುತ್ತೆ, ಅರವತ್ತು ಇದ್ದಿದ್ದು ಐವತ್ತರ ಹತ್ತಿರ ಬರುತ್ತೆ. ಆಮೇಲೆ ಒಂದು ಏರು ಹತ್ತಿಸಿ, ಮೂತಿ ಮೇಲಾದ ತಕ್ಷಣ ಇನ್ನಷ್ಟು ಭಾರ ಹಿಂದಕ್ಕೆ ಸರಿಯುತ್ತೆ. ಕೆಳಗೆ ಒದ್ದೆ ಮಣ್ಣೋ ಹುಲ್ಲೋ ಇದ್ರೆ ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತೆ. ಭಾರ ಹಿಂದೆ, ಎಳೆತ ಮುಂದೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಇದೇ.

‘ಫ್ಯಾಮಿಲಿ ಕಾರ್’ ಅಂತ ಜಾಹೀರಾತು ಮಾಡ್ತಾರೆ. ಆ ಫ್ಯಾಮಿಲಿ ಹತ್ತಿ ಕೂತ ತಕ್ಷಣವೇ ಗಾಡಿ ಹಿಡಿತ ಕಳ್ಕೊಳ್ಳುತ್ತೆ! ಇದನ್ನ ಯಾವ ಬ್ರೋಷರಲ್ಲಾದ್ರೂ ಓದಿದೀರಾ?

ಈ ಚಾನೆಲ್‌ಗೆ ಹೊಸಬರಾಗಿದ್ರೆ ಸಬ್‌ಸ್ಕ್ರೈಬ್ ಆಗಿ. ಹಳಬರು ಗಂಟೆ ಒತ್ತಿ. ಒತ್ತಿದೀವಿ ಅನ್ನೋರು ಮನೇಲಿರೋ ಇನ್ನೊಬ್ಬರ ಫೋನಲ್ಲೂ ಒತ್ತಿ.

ಇದೇನು ಹೊಸ ವಿದ್ಯೆ ಅಲ್ಲ. 1972ರಲ್ಲೇ ಸುಬಾರು ಕಂಪನಿ ಲಿಯೋನ್ ಅನ್ನೋ ಸಾಮಾನ್ಯ ಸ್ಟೇಷನ್ ವ್ಯಾಗನ್‌ಗೆ, ಅಂದ್ರೆ ಹಿಂದೆ ಸಾಮಾನಿಗೆ ಜಾಗ ಇರೋ ಉದ್ದ ಕಾರಿಗೆ, ನಾಲ್ಕೂ ಚಕ್ರದ ಶಕ್ತಿ ಕೊಡ್ತು. 1977ರಲ್ಲಿ ಲಾಡಾ ನಿವಾ ಬಂತು, ಅಂಗೈ ಅಗಲದ ಗಾಡಿ, ನಾಲ್ಕೂ ಚಕ್ರ ಸದಾ ಎಳೆಯೋದು. 1994ರಲ್ಲಿ ಟೊಯೋಟಾ ರಾವ್4, ಮರುವರ್ಷ ಹೋಂಡಾ ಸಿಆರ್-ವಿ. ಆ ಮೊದಲ ಸಿಆರ್-ವಿಯ ಡಿಕ್ಕಿ ನೆಲದ ಹಲಗೆ ಎತ್ತಿದ್ರೆ ಅದೇ ಮಡಚೋ ಪಿಕ್ನಿಕ್ ಮೇಜು! ಅದನ್ನ ಮಾಡಿದ ಇಂಜಿನಿಯರ್‌ಗೆ ಸಂಸಾರ ಇತ್ತು ಅಂತ ಕಾಣುತ್ತೆ. ಈಗಿನೋರು ಏನು ಕೊಡ್ತಾರೆ? ಸನ್‌ರೂಫ್. ಚಕ್ರ ಕೆಸರಲ್ಲಿ ಹೂತಾಗ ಮೇಲಿಂದ ತಲೆ ಹಾಕಿ ಸಹಾಯಕ್ಕೆ ಕೂಗೋಕೆ ಅನುಕೂಲ.

ಸರಿ, ವಾದಗಳಿಗೆ ಬರೋಣ.

‘ಟ್ರಾಕ್ಷನ್ ಕಂಟ್ರೋಲ್ ಇದೆಯಲ್ಲ?’ ಇದೆ. ಅದು ಜಾರೋ ಚಕ್ರಕ್ಕೆ ಬ್ರೇಕ್ ಹಿಡಿದು ಪಕ್ಕದ ಚಕ್ರಕ್ಕೆ ಶಕ್ತಿ ದಾಟಿಸುತ್ತೆ. ಪಕ್ಕದ್ದು ಯಾವುದು? ಅದೂ ಮುಂದಿನದೇ! ಎರಡೂ ಹಗುರ ಆಗಿ ಕೂತಿರುವಾಗ ಯಾರಿಂದ ಕಿತ್ತು ಯಾರಿಗೆ ಕೊಡ್ತೀರಿ? ಭಾರ ಹಿಂದೆ ಸ್ವಾಮಿ, ಹಿಂದೆ.

‘ಹಂಗಾದ್ರೆ ರಿಯರ್ ವೀಲ್ ಡ್ರೈವ್ ತಗೋ.’ ಅಂದ್ರೆ ಹಿಂದಿನ ಚಕ್ರ ಮಾತ್ರ ತಳ್ಳೋ ಗಾಡಿ. ಮಕ್ಕಳನ್ನ ಶಾಲೆಗೆ ಬಿಟ್ಟು ಖಾಲಿ ವಾಪಸ್ ಬರುವಾಗ ಏನ್ ಮಾಡ್ಲಿ, ಹಿಂದೆ ಮರಳು ಮೂಟೆ ಹಾಕ್ಕೊಳ್ಳಾ?

‘ಮೈಲೇಜ್ ಹೋಗುತ್ತೆ.’ ಸ್ವಲ್ಪ ಹೋಗುತ್ತೆ. ಅದೇನು ದೊಡ್ಡ ಯಂತ್ರ ಅಲ್ಲ, ಶಕ್ತಿನ ಹಿಂದಕ್ಕೆ ಒಯ್ಯೋ ಒಂದು ಉದ್ದ ಸರಳು, ಅದೇ ಪ್ರೊಪೆಲ್ಲರ್ ಶಾಫ್ಟು, ಅದನ್ನ ಹಿಂದಿನ ಎರಡು ಚಕ್ರಕ್ಕೂ ಹಂಚೋ ಒಂದು ಡಿಫರೆನ್ಷಿಯಲ್ಲು, ಅದರ ಮುಂದೆ ಶಕ್ತಿನ ಜೋಡಿಸಿ ಬಿಡಿಸೋ ಹಲವು ಪ್ಲೇಟಿನ ಒಂದು ಕ್ಲಚ್ಚು. ತೂಕ ಹೆಚ್ಚುಕಮ್ಮಿ ಒಬ್ಬ ದೊಡ್ಡವರಷ್ಟು. ಸಾಮಾನ್ಯ ರಸ್ತೇಲಿ ಆ ಕ್ಲಚ್ಚು ಸಡಿಲ ಇರುತ್ತೆ, ಗಾಡಿ ಮುಂದಿನ ಚಕ್ರದಲ್ಲೇ ಹೋಗುತ್ತೆ. ಮುಂದೆ ಜಾರಿದ್ ಕೂಡ್ಲೇ ಕಂಪ್ಯೂಟರ್ ಅದನ್ನ ಅದುಮುತ್ತೆ, ಹಿಂದಿನ ಚಕ್ರ ತಳ್ಳೋಕೆ ಶುರು. ರಾವ್4 ಹೈಬ್ರಿಡ್‌ನಲ್ಲಂತೂ ಶಾಫ್ಟೇ ಇಲ್ಲ, ಹಿಂದೆ ಒಂದು ಎಲೆಕ್ಟ್ರಿಕ್ ಮೋಟರ್ ಅಷ್ಟೇ. ಭಾರ ಇರೋ ಕಡೆಯಿಂದಲೇ ತಳ್ಳೋದು ಅಂದ್ರೆ ಇದು.

‘ಬ್ರೇಕ್ ಹಿಡಿಯೋಕೆ ಅದು ಸಹಾಯ ಮಾಡಲ್ಲ.’ ಮಾಡಲ್ಲ. ಮಾಡುತ್ತೆ ಅಂದೋರು ಯಾರು? ಎಲ್ಲಾ ಕಾರಿಗೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಇದೆ. ನಾನು ಹೊರಡೋ ವಿಷಯ ಮಾತಾಡ್ತಿದೀನಿ, ನೀವು ನಿಲ್ಲೋ ವಿಷಯ ತೆಗೀತೀರಿ. ‘ಒಳ್ಳೆ ಟೈರ್ ಇದ್ರೆ ಸಾಕು’ ಅಂತ ಬರೆದೋರಿಗೂ ಉತ್ತರ ಇದೆ: ಒಳ್ಳೆ ಟೈರ್ ಹಾಕಿ, ನಾಲ್ಕೂ ಒಂದೇ ಥರದ್ದು ಹಾಕಿ, ಸವೆತವೂ ಸಮ ಇರ್ಲಿ, ಇಲ್ದಿದ್ರೆ ಆ ಕ್ಲಚ್ಚು ಬಿಸಿಯಾಗುತ್ತೆ. ಟೈರ್ ಮೇಲೆ ಬೇರೆ ಎಪಿಸೋಡೇ ಮಾಡಿದೀನಿ, ಯಾರೂ ನೋಡ್ಲಿಲ್ಲ, ಲಿಂಕ್ ಕೆಳಗಿದೆ.

ಇನ್ನು ಹಾರ್ಡ್‌ಕೋರ್ ಜನ. ‘ಲೋ ರೇಂಜ್ ಇಲ್ದಿದ್ರೆ ಅದು ಫೋರ್ ಬೈ ಫೋರೇ ಅಲ್ಲ.’ ಲೋ ರೇಂಜ್ ಅಂದ್ರೆ ವೇಗ ಇಳಿಸಿ ಬಲ ಹೆಚ್ಚಿಸೋ ಇನ್ನೊಂದು ಗೇರು. ಅಣ್ಣಾ, ನಾನು ಬಂಡೆ ಹತ್ತೋಕೆ ಹೋಗ್ತಿಲ್ಲ. ಲಾರಿ ಥರ ಲ್ಯಾಡರ್ ಫ್ರೇಮ್ ಚೌಕಟ್ಟಿನ ಮೇಲೆ ಕೂತ ಎರಡು ಟನ್ನಿನ ಗಾಡಿ ತಗೊಂಡು ಪಾರ್ಕಿಂಗ್ ಜಾಗ ಹುಡುಕ್ತಾ ಸುತ್ತೋದು ನಿನಗೇ ಇರ್ಲಿ. ನನಗೆ ನಾಲ್ಕೂವರೆ ಮೀಟರ್ ಒಳಗಿನ ಗಾಡಿ ಸಾಕು, ನೆಲದಿಂದ 200 ಮಿಲಿಮೀಟರ್ ಎತ್ತರ ಸಾಕು, ಒಂದೇ ಸಲಕ್ಕೆ ತಿರುಗಬೇಕು. ಮತ್ತೆ ಅಜ್ಜಿ ಏಣಿ ಇಲ್ದೆ ಹತ್ತಬೇಕು. ಕ್ಯಾಮೆರಾ ಹಿಂದೆ ಇರೋನೇ, ನಗಬೇಡ, ಅಲ್ಲಾಡುತ್ತೆ.

ಇನ್ನೊಂದು ಸಲ ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ. ಜನ ಹತ್ತಿದಷ್ಟೂ ಭಾರ ಹಿಂದೆ! ಎಳೆಯೋದು ಮುಂದೆ! ಹಿಂದೆ ಎರಡು ಚಕ್ರ ಆ ಭಾರ ಎಲ್ಲ ಹೊತ್ಕೊಂಡು, ಒಳ್ಳೆ ಹಿಡಿತ ಇಟ್ಕೊಂಡು, ಕೆಲಸ ಇಲ್ದೆ ಉರುಳ್ತಿರುತ್ವೆ! ಅವಕ್ಕೆ ಕೆಲಸ ಕೊಡಿ ಅಂದ್ರೆ ನಾನು ರ‍್ಯಾಲಿ ಓಡಿಸೋನಾ?

ಇನ್ನೂ ಕಾರಣ ಬೇಕಾ? ಡಿಕ್ಕಿ ಬಾಗಿಲ ಮೇಲೆ ಆಲ್ ವೀಲ್ ಡ್ರೈವ್ ಬ್ಯಾಡ್ಜ್ ಚೆನ್ನಾಗಿ ಕಾಣುತ್ತೆ. ಹೌದು, ಇದೂ ಒಂದು ಕಾರಣ. ಸನ್‌ರೂಫ್‌ಗೆ ಇರೋ ಕಾರಣಕ್ಕಿಂತ ಮೇಲು. ಇನ್ನೇನೋ ಬರ್ಕೊಂಡಿದ್ದೆ, ನನ್ನ ಅಕ್ಷರ ನನಗೇ ಓದೋಕಾಗ್ತಿಲ್ಲ, ಬಿಡಿ.

ಆ ಕಾಮೆಂಟ್ ಹಾಕಿದ ಮಹಾನುಭಾವರೇ, ಕಾರು ಯಾವುದು ಅಂತ ಬರೀರಿ. ಸನ್‌ರೂಫ್ ಇದೆ ಅಂತ ನನಗೆ ಗೊತ್ತು. ಮುಂದಿನ ಎಪಿಸೋಡ್ ಸಿವಿಟಿ, ಅಂದ್ರೆ ಗೇರಿನ ಮೆಟ್ಟಿಲೇ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ. ಅದರ ಪ್ರೇಮಿಗಳು ಈಗಿಂದಲೇ ಬೈಯೋಕೆ ಶುರು ಮಾಡಬಹುದು, ಬೈಗುಳಕ್ಕೂ ಯೂಟ್ಯೂಬ್ ವ್ಯೂಸ್ ಕೊಡುತ್ತೆ.