ಕ್ವಿನ್‌ಜಿ ಊರಿನ ಜಾನ್‌ಗಳು ಮತ್ತು ನನ್ನ 30 ಡಾಲರ್

ಈ ಶಾಟ್‌ನಲ್ಲಿ ನನ್ನ ಬಾಯಿ ಆಡುತ್ತಿದೆ, ಮಾತು ಕೇಳಿಸುವುದಿಲ್ಲ. ಎಲ್ಲ ಗಾಳಿಪಾಲು. ಅದಕ್ಕೇ ಮನೆಗೆ ಬಂದು ಈಗ ಹೇಳುತ್ತಿದ್ದೇನೆ. ಊರು ಬಾಸ್ಟನ್ ಪಕ್ಕದ ಕ್ವಿನ್‌ಜಿ. ಕ್ವಿನ್ಸಿ ಅಂದರೆ ಇಲ್ಲಿನವರು ತಕ್ಷಣ ತಿದ್ದುತ್ತಾರೆ.

ಎಡಗಡೆ ಮನೆ, ಬಲಗಡೆ ಮನೆ, ನೋಡುತ್ತಿದ್ದೀರಲ್ಲ. ಒಂದರಲ್ಲಿ 1735ರಲ್ಲಿ ಜಾನ್ ಆಡಮ್ಸ್ ಹುಟ್ಟಿದ್ದು, ಅಮೆರಿಕದ 2ನೇ ಅಧ್ಯಕ್ಷರು. ಇನ್ನೊಂದರಲ್ಲಿ 1767ರಲ್ಲಿ ಅವರ ಮಗ ಜಾನ್ ಕ್ವಿನ್ಸಿ ಆಡಮ್ಸ್, 6ನೇ ಅಧ್ಯಕ್ಷರು. ಇವರ ಅಜ್ಜನೂ ಜಾನ್, ಹೊಲ ಉಳುತ್ತಾ ಚಪ್ಪಲಿ ಹೊಲಿಯುತ್ತಿದ್ದವರು. ಇವರ ಮಗನೂ ಒಬ್ಬ ಜಾನ್. ಬೇರೆ ಹೆಸರೇ ಸಿಗಲಿಲ್ಲವಾ? ನಮ್ಮಲ್ಲೂ ಅಜ್ಜನ ಹೆಸರು ಇಡುತ್ತಾರೆ, ಸರಿ. ಆದರೆ ಸೊಸೆ ಮಾವನ ಹೆಸರು ಹಿಡಿದು ಬೈಯೋ ಹಾಗಿಲ್ಲ ಅಂತ ಮಗು ಪುಟ್ಟ ಆಗುತ್ತದೆ. ನಮ್ಮ ಮನೆಯಲ್ಲಿ 50 ದಾಟಿದ ಪುಟ್ಟ ಒಬ್ಬರಿದ್ದಾರೆ.

‘ಕ್ವಿನ್ಸಿ’ ಬಂದದ್ದು ತಾಯಿ ಅಬಿಗೇಲ್ ಕಡೆಯಿಂದ. ಮಗು ಹುಟ್ಟಿದಾಗ ಆಕೆಯ ಅಜ್ಜ ಜಾನ್ ಕ್ವಿನ್ಸಿ ಕೊನೆಯ ಗಳಿಗೆಯಲ್ಲಿದ್ದರು. 1792ರಲ್ಲಿ ಊರಿಗೂ ಆ ಅಜ್ಜನ ಹೆಸರೇ. ನಾನು ಅಧ್ಯಕ್ಷರ ಹೆಸರು ಅಂದುಕೊಂಡಿದ್ದೆ.

ಈಗ ಈ ಹಳದಿ ಚೀಟಿ. ಹತ್ತಿರದ ಒಂದು ಪಾರ್ಕಿಂಗ್ ಜಾಗ. ಆ್ಯಪ್‌ನಲ್ಲಿ 4 ಡಾಲರ್ ಕಟ್ಟಿದ್ದೇನೆ, ರಸೀದಿ ಇದೆ. ಗಾಡಿ ನಂಬರ್‌ನಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ಒತ್ತಿದ್ದೆ, ಅಷ್ಟೇ. 30 ಡಾಲರ್ ದಂಡ! ಫೋನ್ ಮಾಡಿದೆ. "ನೀವು ದುಡ್ಡು ಕಟ್ಟಿರೋದು ಬೇರೆ ಗಾಡಿಗೆ ಮೇಡಂ" ಅಂದರು. ಆ ಬೇರೆ ಗಾಡಿ ಎಲ್ಲಿದೆ ತೋರಿಸಿ ಅಂದೆ. ಫೋನ್ ಇಟ್ಟರು. ಸೊನ್ನೆಗೂ ಓಗೂ ವ್ಯತ್ಯಾಸ ಏನ್ರೀ, ಎರಡೂ ದುಂಡಗೇ ಅಲ್ವಾ? 30 ಡಾಲರ್‌ಗೆ ಎಷ್ಟು ಕಟ್ಟು ಮೆಂತ್ಯ ಸೊಪ್ಪು ಬರುತ್ತಿತ್ತು...

ಅಯ್ಯೋ, ಸ್ಮಶಾನದ ಶಾಟ್ ಬಂತು. ಹ್ಯಾನ್ಕಾಕ್ ಸ್ಮಶಾನ. ಈ ಕಲ್ಲು ಮೂಲಪುರುಷ ಹೆನ್ರಿ ಆಡಮ್ಸ್‌ದು. ಸುಮಾರು 1638ರಲ್ಲಿ ಇಂಗ್ಲೆಂಡಿನಿಂದ ಬಂದವರು. ಕಲ್ಲು ನೆಡಿಸಿದ್ದು 2ನೇ ಅಧ್ಯಕ್ಷ ಜಾನ್. ಎಂಟು ಗಂಡುಮಕ್ಕಳ ಜೊತೆ ಡೆವನ್‌ಷೈರ್‌ನಿಂದ ಬಂದರು ಅಂತ ಕೆತ್ತಿಸಿದ್ದಾರೆ. ಆಮೇಲೆ ವಂಶಾವಳಿ ಹುಡುಕುವವರು ದಾಖಲೆ ತೆಗೆದು ನೋಡಿದರೆ, ಹೆನ್ರಿ ಸಾಮರ್‌ಸೆಟ್‌ನ ಬಾರ್ಟನ್ ಸೇಂಟ್ ಡೇವಿಡ್ ಹಳ್ಳಿಯವರು! ಅಧ್ಯಕ್ಷರ ಅಪ್ಪ ಜಾನ್, ಅಜ್ಜ ಜೋಸೆಫ್, ಮುತ್ತಜ್ಜ ಜೋಸೆಫ್, ಅವರಪ್ಪ ಈ ಹೆನ್ರಿ. ನಾಲ್ಕೇ ತಲೆಮಾರು, ಊರು ತಪ್ಪಿಹೋಯಿತು. ಅಧ್ಯಕ್ಷರಿಗೆ ಯಾರೂ ಚೀಟಿ ಅಂಟಿಸಲಿಲ್ಲ ನೋಡಿ. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಸ್ಯಾಮ್ಯುಯೆಲ್ ಆಡಮ್ಸ್ ಕೂಡ ಇವರ ದಾಯಾದಿಯೇ, ಇಬ್ಬರಿಗೂ ಒಬ್ಬರೇ ಮುತ್ತಜ್ಜ.

ನಿಜ ಹೇಳಬೇಕೆಂದರೆ ಇಲ್ಲಿವರೆಗೂ ನನಗೆ ಬೋರೇ ಆಗಿತ್ತು. ಆಮೇಲೆ ಮದುವೆ ವಿಷಯ ಓದಿದೆ. ಆ ಮೊಮ್ಮಗ ಜಾನ್, ಅಂದರೆ 6ನೇ ಅಧ್ಯಕ್ಷರ ಮಗ, 1828ರಲ್ಲಿ ಮದುವೆಯಾದ, ಶ್ವೇತಭವನದಲ್ಲೇ. ಹುಡುಗಿ ಮೇರಿ ಕ್ಯಾಥರೀನ್, ಅವನ ದೊಡ್ಡಮ್ಮನ ಮಗಳು. ಸೋದರತ್ತೆ ಮಗಳಾಗಿದ್ದರೆ ನಮ್ಮಮ್ಮ ಹೂಂ ಅನ್ನುತ್ತಿದ್ದರು. ದೊಡ್ಡಮ್ಮನ ಮಗಳು ಅಂದರೆ ತಂಗಿ ಕಣ್ರೀ! ಸಾಲದ್ದಕ್ಕೆ ಮೊದಲು ನಿಶ್ಚಯ ಆಗಿದ್ದದ್ದು ಅವನ ಅಣ್ಣ ಜಾರ್ಜ್ ಜೊತೆ. ಇನ್ನೊಬ್ಬ ತಮ್ಮ ಚಾರ್ಲ್ಸ್ ಫ್ರಾನ್ಸಿಸ್ ಪುಸ್ತಕಗಳಿಗೆ ಅಂತಲೇ ಕಲ್ಲಿನ ಕಟ್ಟಡ ಕಟ್ಟಿಸಿದವರು, ಅದರ ವಿಡಿಯೋ ಬೇರೆ ಮಾಡುತ್ತೇನೆ.

ಇದು ಚರ್ಚಿನ ನೆಲಮಾಳಿಗೆ. ನಾಲ್ಕು ಗ್ರಾನೈಟ್ ಪೆಟ್ಟಿಗೆ. ಅಪ್ಪ, ಅಮ್ಮ, ಮಗ, ಸೊಸೆ. ಸೊಸೆ ಲೂಯಿಸಾ ಲಂಡನ್‌ನಲ್ಲಿ ಹುಟ್ಟಿದವರು, ಅತ್ತೆಗೆ ಮೊದಲು ಅಷ್ಟಾಗಿ ಮನಸ್ಸಿರಲಿಲ್ಲ. ಈಗ ಇಬ್ಬರೂ ಒಂದೇ ಕೋಣೆ.

ಈ ಅಲ್ಲಾಡುತ್ತಿರುವುದು ನಾನು ಕಾರಿನ ಕಡೆ ಓಡುತ್ತಿರುವುದು. ಗಾಜಿನ ಮೇಲೆ ಏನೂ ಇಲ್ಲ. ಈ ಸಲ ಸೊನ್ನೆಯನ್ನೇ ಒತ್ತಿದ್ದೆ.